ಮೂಲೆ ಕೆರೆಯುವ ಜರ್ಬಿಲ್ ಕುಣಿಯುತ್ತಿಲ್ಲ

ಬೆಳಿಗ್ಗೆಯಿಂದ ಒಂದೇ ವಿಡಿಯೊವನ್ನು ಒಬ್ಬರಾದ ಮೇಲೊಬ್ಬರು ಕಳಿಸುತ್ತಿದ್ದೀರಿ. "ನಿಮ್ಮನೇಲಿ ಇರೋ ಥರದ್ದೇ ಅಲ್ವಾ, ನೋಡಿ ಹೇಗೆ ಡ್ಯಾನ್ಸ್ ಮಾಡುತ್ತೆ" ಅಂತ. ತಂತಿಯ ಸಣ್ಣ ಪಂಜರ. ಬುಡಕ್ಕೆ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ತೆಳ್ಳಗೆ ಉದುರಿಸಿದ ಮರದ ಹೊಟ್ಟು. ಒಳಗೆ ಒಂದೇ ಒಂದು ಜರ್ಬಿಲ್, ಮನೆಯಲ್ಲಿ ಸಾಕುವ ಇಲಿಯಂಥ ಪುಟ್ಟ ಪ್ರಾಣಿ. ಅದು ಮೂಲೆಗೆ ಮುಖ ಮಾಡಿಕೊಂಡು ಮುಂಗಾಲೆರಡರಿಂದ ಪ್ಲಾಸ್ಟಿಕ್ಕನ್ನು ಪರಪರ ಕೆರೆಯುತ್ತದೆ, ಒಂದು ಕ್ಷಣ ನಿಲ್ಲಿಸುತ್ತದೆ, ಮತ್ತೆ ಅದೇ ಮೂಲೆ. ಹಿನ್ನೆಲೆಗೆ ಒಂದು ಹಾಡು ಹಾಕಿದ್ದಾರೆ. ಕೆಳಗೆ ನಗುವ ಮುಖಗಳ ಸಾಲು.

ನನಗೆ ಅದನ್ನು ಪೂರ್ತಿ ನೋಡಲಾಗಲಿಲ್ಲ.

ಅದು ಕುಣಿಯುತ್ತಿಲ್ಲ ಕಣ್ರೀ. ಬಿಲ ತೋಡುತ್ತಿದೆ. ತೋಡಲು ಏನೂ ಇಲ್ಲದ ಕಡೆ, ಎಷ್ಟು ಕೆರೆದರೂ ಒಳಗೆ ಹೋಗಲಾಗದ ಕಡೆ ತೋಡುತ್ತಿದೆ. ಕಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಯಿಂದಲೇ ಕಳಿಸಿದ್ದೀರಿ. ಆದರೆ ಒಂದು ಪ್ರಾಣಿಯ ಚಡಪಡಿಕೆಯನ್ನು ಆಟ ಅಂತ ಹಂಚುವುದನ್ನು ನೋಡಿಯೂ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಮನೆಗಳಲ್ಲಿ ಸಾಕುವುದು ಹೆಚ್ಚಾಗಿ ಮಂಗೋಲಿಯನ್ ಜರ್ಬಿಲ್. ಮಂಗೋಲಿಯಾ, ಉತ್ತರ ಚೀನಾ ಮತ್ತು ಅವಕ್ಕೆ ತಾಗಿದ ರಷ್ಯಾದ ಒಣ ಹುಲ್ಲುಗಾವಲು ಅದರ ನೆಲೆ. ಚಳಿಗಾಲದಲ್ಲಿ ಅಲ್ಲಿ ಮೈನಸ್ 40 ಡಿಗ್ರಿವರೆಗೂ ಇಳಿಯುವುದುಂಟು. ನೂರು ಗ್ರಾಂ ತೂಗುವುದೂ ಅಪರೂಪವಾದ ಈ ಜೀವ ಚಳಿಗಾಲ ಪೂರ್ತಿ ನಿದ್ದೆ ಹೋಗುವ ಜಾತಿಯದೂ ಅಲ್ಲ. ಹಾಗಿದ್ದೂ ಬದುಕುತ್ತದೆಂದರೆ ಅದಕ್ಕೆ ಕಾರಣ ಬಿಲ. ಕವಲೊಡೆದ ಸುರಂಗಗಳು, ಮಲಗಲು ಒಂದು ಕೋಣೆ, ಕಾಳು ಕೂಡಿಡಲು ಇನ್ನೊಂದು. ಅಪ್ಪ, ಅಮ್ಮ, ಮೊದಲ ಸೂಲಿನ ಮಕ್ಕಳು, ಆಮೇಲಿನ ಸೂಲಿನ ಮರಿಗಳು ಎಲ್ಲವೂ ಅಲ್ಲೇ ಒತ್ತೊತ್ತಾಗಿ. ಮೇಲೆ ಹದ್ದು ಸುಳಿದರೆ ಒಂದು ಜರ್ಬಿಲ್ ಹಿಂಗಾಲುಗಳಿಂದ ನೆಲ ಬಡಿಯುತ್ತದೆ, ಉಳಿದವು ಒಳಗೆ ಓಡುತ್ತವೆ. ಓಡಿಹೋಗಲು ಒಂದು ಒಳಗು ಇದೆ ಎನ್ನುವುದರ ಮೇಲೆಯೇ ಅದರ ಬದುಕೆಲ್ಲ ನಿಂತಿದೆ.

ಅಂಥದ್ದನ್ನು ತಂದು ಎರಡು ಬೆರಳು ದಪ್ಪದ ಹೊಟ್ಟಿನ ಮೇಲೆ, ನಾಲ್ಕೂ ಕಡೆಯಿಂದ ಕಾಣುವ ಪಂಜರದಲ್ಲಿ ಬಿಡುತ್ತೇವೆ. ಅದು ಮೂಲೆ ಕೆರೆಯುತ್ತದೆ. ನಾವು ಫೋನ್ ಎತ್ತಿಕೊಳ್ಳುತ್ತೇವೆ.

ಈ ಮಾತು ಎತ್ತಿದಾಗೆಲ್ಲ ಒಂದು ಉತ್ತರ ಬರುತ್ತದೆ: "ಅವು ಪಂಜರದಲ್ಲೇ ಹುಟ್ಟಿದವು, ಅವಕ್ಕೆ ಬಿಲ ಅಂದರೇನು ಗೊತ್ತು?" ಕೇಳಲು ಸರಿ ಎನಿಸುತ್ತದೆ. 1935ರಲ್ಲಿ ರಷ್ಯಾ-ಚೀನಾ ಗಡಿಯ ಅಮೂರ್ ನದಿಯ ಸೀಮೆಯಲ್ಲಿ ಹಿಡಿದ ಕೆಲವು ಜೋಡಿಗಳನ್ನು ಜಪಾನಿನ ಪ್ರಯೋಗಾಲಯಕ್ಕೆ ಒಯ್ದರು. ಅವುಗಳ ಸಂತತಿಯಲ್ಲಿ ಒಂದಿಷ್ಟು 1954ರಲ್ಲಿ ಅಮೆರಿಕಕ್ಕೆ ಹೋದವು. ಇವತ್ತು ಮನೆಗಳಲ್ಲಿರುವ ಜರ್ಬಿಲ್‌ಗಳಲ್ಲಿ ಬಹುಪಾಲು ಅವುಗಳ ವಂಶವೇ. ತಲೆತಲಾಂತರ ಬಿಲ ಕಾಣದವು, ಒಪ್ಪೋಣ. ಆದರೆ ಕ್ರಿಸ್ಟೋಫ್ ವೀಡೆನ್‌ಮೇಯರ್ ಎಂಬ ಸಂಶೋಧಕ 1997ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ಇಂಥ ಪಂಜರದ ಮರಿಗಳ ಮೇಲೆಯೇ. ಕೆಲವಕ್ಕೆ ತೋಡಲು ಒಣ ಮರಳು ಕೊಟ್ಟರು. ಅವು ಮರಳಿನಲ್ಲಿ ತೋಡಿದವು, ಆದರೂ ಮೂಲೆ ಕೆರೆಯುವ ಚಾಳಿ ಅವಕ್ಕೆ ಅಂಟಿಕೊಂಡಿತು. ಇನ್ನು ಕೆಲವಕ್ಕೆ ಮನುಷ್ಯರೇ ಮಾಡಿದ ಬಿಲ ಕೊಟ್ಟರು, ಸುರಂಗ ಮತ್ತು ಅದರ ಕೊನೆಗೊಂದು ಕೋಣೆ. ಅವಕ್ಕೆ ಆ ಚಾಳಿ ಬರಲಿಲ್ಲ.

ನನ್ನ ಜಗಳವೆಲ್ಲ ಇದರಲ್ಲೇ ಇದೆ. ಅದಕ್ಕೆ ಬೇಕಿದ್ದದ್ದು ಕೈಕಾಲಿಗೆ ಕೆಲಸ ಅಲ್ಲ, ತಲುಪಲು ಒಂದು ಕತ್ತಲ ಕೋಣೆ. ಒಣ ಮರಳು ಕುಸಿಯುತ್ತದೆ, ಅದರಲ್ಲಿ ಸುರಂಗ ನಿಲ್ಲುವುದಿಲ್ಲ. ಕೋಣೆ ಸಿಗದ ಜರ್ಬಿಲ್ ಹುಡುಕುವುದನ್ನು ಬಿಡುವುದಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಯಾರೂ ಬಿಲ ನೋಡಿರದಿದ್ದರೂ ಬಿಡುವುದಿಲ್ಲ. "ಅದಕ್ಕೇನು ಗೊತ್ತು" ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು. ಯಾರೂ ಕಲಿಸದೆ ಗೊತ್ತಿರುವುದು ಅದಕ್ಕೆ ಅದೊಂದೇ.

ಹಾಗಾದರೆ ಏನು ಕೊಡಬೇಕು? ತಂತಿಯ ಪಂಜರ ಬೇಡ. ಅಗಲವಾದ, ಎತ್ತರವಾದ ಗಾಜಿನ ಟ್ಯಾಂಕ್, ಮೇಲೆ ಗಾಳಿಯಾಡುವ ಜಾಲರಿ. ಒಳಗೆ ಕನಿಷ್ಠ 25 ರಿಂದ 30 ಸೆಂಟಿಮೀಟರ್ ಹಾಸು. ಬರೀ ಹೊಟ್ಟು ಕುಸಿಯುತ್ತದೆ, ಆದ್ದರಿಂದ ಕಾಗದದ ಹಾಸು, ಒಣಹುಲ್ಲು, ರಟ್ಟಿನ ಚೂರು ಪದರ ಪದರವಾಗಿ ಬೆರೆಸಿ ಕೈಯಿಂದ ಅದುಮಬೇಕು. ಆಗ ಸುರಂಗ ನಿಲ್ಲುತ್ತದೆ. ದೇವದಾರಿನ ಹೊಟ್ಟು ಬೇಡವೇ ಬೇಡ, ಒಣಗಿಸಿ ಹದಮಾಡದ ಪೈನ್ ಕೂಡ ಬೇಡ. ಅವುಗಳಿಂದೇಳುವ ಘಾಟು ಉಸಿರಾಟಕ್ಕೆ ಕೆಟ್ಟದ್ದು. ಹತ್ತಿಯಂಥ ಮೆತ್ತನೆಯ ನಾರನ್ನು ಗೂಡಿಗೆಂದು ಮಾರುತ್ತಾರೆ, ಅದು ಕಾಲಿಗೆ ಬಿಗಿಯಾಗಿ ಸುತ್ತಿಕೊಂಡು ರಕ್ತ ಹರಿಯದಂತೆ ಮಾಡಬಹುದು. ಓಡಲು ಚಕ್ರ ಇಡುವುದಾದರೆ ಅಡ್ಡಕಡ್ಡಿ ಇಲ್ಲದ, ಬೆನ್ನು ಬಾಗದಷ್ಟು ದೊಡ್ಡ ಚಕ್ರ ಇಡಿ. ಉರುಳಾಡಲು ಒಂದು ತಟ್ಟೆ ಮರಳು ಕೊಟ್ಟರೆ ತುಪ್ಪಳದ ಜಿಡ್ಡು ಹೋಗುತ್ತದೆ. ಒಣನಾಡಿನ ಪ್ರಾಣಿ, ಗಾಳಿಯಲ್ಲಿ ತೇವ ಹೆಚ್ಚಾದರೆ ಕೂದಲು ಅಂಟಂಟಾಗಿ ನೆಟ್ಟಗಾಗುತ್ತದೆ. ಸೂರ್ಯಕಾಂತಿ ಬೀಜಕ್ಕೆ ಪ್ರಾಣ ಬಿಡುತ್ತವೆ, ನಿಜ. ಆದರೆ ಅದರಲ್ಲಿ ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಕೈಯಿಂದ ಒಂದೊಂದು ತಿನ್ನಿಸಿ, ಬಟ್ಟಲು ತುಂಬಬೇಡಿ.

ಬಾಲ ಹಿಡಿದು ಮಾತ್ರ ಎತ್ತಬೇಡಿ. ಚರ್ಮ ಸುಲಿದು ಕೈಗೆ ಬರುತ್ತದೆ, ಆ ಬಾಲ ಮತ್ತೆ ಬೆಳೆಯುವುದಿಲ್ಲ. ಮಕ್ಕಳಿರುವ ಮನೆಗೆ ಹೋದಾಗೆಲ್ಲ ನಾನು ಮೊದಲು ಹೇಳುವ ಮಾತು ಇದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಆಕ್ಷೇಪ ಬರುತ್ತದೆ. "ಒಂದಡಿ ಹಾಸು ಹಾಕಿದರೆ ಅದು ಒಳಗೇ ಇರುತ್ತೆ, ನಮಗೆ ಕಾಣೋದೇ ಇಲ್ಲ. ಮತ್ತೆ ಸಾಕೋದು ಯಾಕೆ?" ಪ್ರಾಮಾಣಿಕವಾದ ಪ್ರಶ್ನೆ, ಆದರೆ ಅದರಲ್ಲಿ ಹುರುಳಿಲ್ಲ. ಜರ್ಬಿಲ್ ರಾತ್ರಿ ಮಾತ್ರ ಎದ್ದಿರುವ ಪ್ರಾಣಿ ಅಲ್ಲ. ಹಗಲಲ್ಲೂ ಸ್ವಲ್ಪ ಹೊತ್ತು ಓಡಾಡುತ್ತದೆ, ಸ್ವಲ್ಪ ಹೊತ್ತು ಮಲಗುತ್ತದೆ. ಸುರಂಗ ಕೊರೆಯುವಾಗ ಗಾಜಿನ ಬದಿಯಲ್ಲೇ ಕೊರೆಯುವುದೂ ಉಂಟು. ಹಾಗೆ ಕೊರೆದಾಗ ಭೂಮಿಯೊಳಗಿನ ಸಂಸಾರವೇ ಕಣ್ಣೆದುರು ತೆರೆದುಕೊಳ್ಳುತ್ತದೆ. ಒಂದು ಹುಲ್ಲು ಎಳೆದು ತರುತ್ತದೆ, ಇನ್ನೊಂದು ಅದನ್ನು ಸೀಳಿ ಹಾಸುತ್ತದೆ. ಆಳವಾದ ಹಾಸು ಕೊಟ್ಟವರು ಹೆಚ್ಚು ನೋಡುತ್ತಾರೆ, ಕಡಿಮೆ ಅಲ್ಲ. ಇನ್ನು, ಕಾಣುತ್ತಲೇ ಇರಬೇಕು ಎನ್ನುವುದಾದರೆ ನಮಗೆ ಬೇಕಾದದ್ದು ಪ್ರಾಣಿ ಅಲ್ಲ. ನಾವು ಕರೆದಾಗ ಬರದಿರುವ ಹಕ್ಕು ಸಾಕಿದ ಜೀವಕ್ಕೂ ಇದೆ. ಓಡಿಹೋಗಲು ಜಾಗವಿದ್ದೂ ತಾನಾಗಿ ಬಂದು ಅಂಗೈ ಮೇಲೆ ಕೂತ ಜರ್ಬಿಲ್ಲಿನ ತೂಕ ಬಲ್ಲವರು ಈ ಪ್ರಶ್ನೆ ಕೇಳುವುದಿಲ್ಲ.

ಆ ವಿಡಿಯೊದಲ್ಲಿ ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಅದು ಒಂಟಿಯಾಗಿದ್ದದ್ದು. ನಮ್ಮ ಮನೆಯ ಜರ್ಬಿಲ್‌ಗಳಾದ ಚುಕ್ಕಿ, ಬೂದಿ ಅಕ್ಕತಂಗಿಯರನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ, ಒಂದರ ಮೇಲೊಂದು ಬಿದ್ದುಕೊಂಡು ಮಲಗುತ್ತಿದ್ದವು. ಬೂದಿ ಹೋದ ಮೇಲಿನ ದಿನಗಳ ಬಗ್ಗೆ ನಾನು ಇಲ್ಲಿ ಬರೆದಿರಲಿಲ್ಲ. ಚುಕ್ಕಿ ಹುಲ್ಲು ಸೀಳುವುದನ್ನು ನಿಲ್ಲಿಸಿತು. ಗೂಡಿನ ಬಾಯಲ್ಲಿ ಕೂತು ಹೊರಗೆ ನೋಡುತ್ತಿತ್ತು. ನಾನು ಟ್ಯಾಂಕಿನ ಪಕ್ಕ ನೆಲದ ಮೇಲೆ ಕೂತು ಅತ್ತಿದ್ದೇನೆ, ಒಂದು ಇಲಿಗೆ ಇಷ್ಟೊಂದಾ ಅಂತ ಮನೆಯವರೇ ಕೇಳಿದ್ದಾರೆ. ಹೌದು, ಇಷ್ಟೊಂದು. ಅದರ ಆಯಸ್ಸೇ ಮೂರು ನಾಲ್ಕು ವರ್ಷ, ಅದರಲ್ಲಿ ಒಂದೊಂದು ದಿನವೂ ದೊಡ್ಡದು.

ಹಾಗಂತ ಹೊಸ ಜೊತೆಯೊಂದನ್ನು ತಂದು ನೇರ ಒಳಗೆ ಬಿಟ್ಟುಬಿಡಬೇಡಿ. ಜರ್ಬಿಲ್ ತನ್ನವರನ್ನು ಗುರುತಿಸುವುದು ವಾಸನೆಯಿಂದ. ಗುರುತಿಲ್ಲದ ದೊಡ್ಡ ಜರ್ಬಿಲ್ ಒಳಗೆ ಬಂದರೆ ಒಂದು ಸಾಯುವವರೆಗೂ ಕಾದಾಡಬಹುದು. ಟ್ಯಾಂಕಿನ ನಡುವೆ ಗಟ್ಟಿಯಾದ ಸಣ್ಣ ಕಣ್ಣಿನ ಜಾಲರಿ ನಿಲ್ಲಿಸಿ ಆ ಕಡೆ ಒಂದು, ಈ ಕಡೆ ಒಂದು ಇಡಬೇಕು. ದಿನಕ್ಕೆ ಕೆಲವು ಸಲ ಜಾಗ ಬದಲಿಸಬೇಕು, ಒಂದರ ಗೂಡಲ್ಲಿ ಇನ್ನೊಂದು ಮಲಗುವ ಹಾಗೆ. ವಾರವೋ ಇನ್ನೂ ಹೆಚ್ಚೋ ಆದ ಮೇಲೆ ಎರಡೂ ಜಾಲರಿಗೆ ಒರಗಿ ಅಕ್ಕಪಕ್ಕ ಮಲಗತೊಡಗಿದರೆ ಆಗ ಜಾಲರಿ ತೆಗೆಯಬಹುದು. ತೆಗೆದ ದಿನ ಪಕ್ಕದಲ್ಲೇ ಕೂತಿರಿ, ಕೈಗೆ ದಪ್ಪ ಗ್ಲೌಸ್ ಇರಲಿ. ಇದಕ್ಕೆಲ್ಲ ಪುರುಸೊತ್ತಿಲ್ಲ ಎನ್ನುವವರು ಮೊದಲಿಗೇ ಒಂದೇ ಸೂಲಿನ ಎರಡು ಗಂಡನ್ನೋ ಎರಡು ಹೆಣ್ಣನ್ನೋ ತನ್ನಿ. ಗಂಡು ಹೆಣ್ಣು ಒಟ್ಟಿಗಿಟ್ಟರೆ ಇಪ್ಪತ್ತೈದು ದಿನದ ಆಸುಪಾಸಿಗೊಂದು ಸೂಲು, ಆ ಮರಿಗಳನ್ನೆಲ್ಲ ಯಾರ ಮನೆಗೆ ಕಳಿಸುತ್ತೀರಿ?

ನಿಮ್ಮ ಮನೆಯಲ್ಲೂ ಒಂದು ಜರ್ಬಿಲ್ ಮೂಲೆ ಕೆರೆಯುತ್ತಿದ್ದರೆ ದೊಡ್ಡ ಟ್ಯಾಂಕ್ ಬರುವವರೆಗೆ ಕಾಯಬೇಡಿ. ಇವತ್ತು ರಾತ್ರಿಯೇ ಒಂದು ಗಟ್ಟಿ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಬೆಳಕು ತೂರದ ಹಾಗೆ ಎಲ್ಲ ಕಡೆ ಮುಚ್ಚಿ, ಬದಿಯಲ್ಲಿ ಒಂದೇ ತೂತು ಮಾಡಿ. ಆ ತೂತಿಗೆ ಅಗಲವಾದ ರಟ್ಟಿನ ಕೊಳವೆ ಸಿಕ್ಕಿಸಿ. ಪೆಟ್ಟಿಗೆಯ ಮೇಲೂ ಸುತ್ತಲೂ ಇರುವಷ್ಟು ಹಾಸು ಒಟ್ಟಿ, ಕೊಳವೆಯ ಬಾಯಿ ಮಾತ್ರ ಹೊರಗಿರಲಿ. ಎರಡೇ ದಿನಕ್ಕೆ ಕಡಿದು ಚೂರು ಮಾಡುತ್ತದೆ, ಮಾಡಲಿ. ಚೂರು ಎಸೆಯಬೇಡಿ, ಅದನ್ನೇ ಒಳಗೆ ಎಳೆದುಕೊಂಡು ಹಾಸಿಗೆ ಮಾಡಿಕೊಳ್ಳುತ್ತದೆ. ನೀವು ಇನ್ನೊಂದು ಪೆಟ್ಟಿಗೆ ಹುಡುಕಿಡಿ.