ಅಜ್ಜನ ಮನೆಗೆ ಬಾಡಿಗೆ

ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆಯಲ್ಲಿ ಒಂದು ರಾತ್ರಿ ಇದ್ದು ಬಂದೆವು. ಆರು ಸಾವಿರ ರೂಪಾಯಿ, ತಿಂಡಿ ಸೇರಿ. ಒಳಗೆ ಕಾಲಿಡುವಾಗಲೇ ಬಾಗಿಲ ಮೇಲಿನ ಮರ ಹಣೆಗೆ ಬಡಿಯಿತು. "ಹೆರಿಟೇಜ್ ಬಾಗಿಲು ಸಾರ್, ಬಗ್ಗಿ ಬರಬೇಕು" ಎಂದ ಮ್ಯಾನೇಜರ್ ಹುಡುಗ. ನಮ್ಮಜ್ಜನ ಮನೆಯಲ್ಲೂ ಹೀಗೇ ಬಡಿಯುತ್ತಿತ್ತು. "ಕಣ್ಣು ಕಾಣಲ್ವೇನೋ?" ಎಂಬ ಬೈಗುಳ ಮಾತ್ರ ಅಲ್ಲಿ ಫ್ರೀ.

"ಮುನ್ನೂರು ವರ್ಷದ ಮನೆ ಸಾರ್."

ತಲೆ ಎತ್ತಿದೆ. ಮಾಡಿನ ತುಂಬಾ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನ ಪಾದ್ರಿಗಳು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೇ 1865ರಲ್ಲಿ. ಅದಕ್ಕೂ ಮೊದಲು ಈ ಮನೆಯವರು ಮಲೆನಾಡಿನ ಮಳೆಗೆ ಕೊಡೆ ಹಿಡಿದು ಮಲಗುತ್ತಿದ್ದರೋ ಏನೋ. (ಸೋಗೆ ಇದ್ದಿರಬಹುದು, ಬಿಡಿ.) ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಮುನ್ನೂರು ವರ್ಷವೂ ಬೇಡ. ಹೆರಿಟೇಜ್ ಹೋಟೆಲ್ ಅನ್ನಿಸಿಕೊಳ್ಳಲು ಕಟ್ಟಡ 1950ಕ್ಕಿಂತ ಹಿಂದಿನದಾದರೆ ಸಾಕು. ನಮ್ಮ ದೊಡ್ಡಪ್ಪನಿಗೂ ಆ ಅರ್ಹತೆ ಇದೆ.

ಅದೇ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಗೆ ಇನ್ನೊಂದು ನಿಯಮವಿದೆ. ಕೋಣೆ ಆರಕ್ಕಿಂತ ಜಾಸ್ತಿ ಇರಬಾರದು, ಮನೆಯವರು ಅಲ್ಲೇ ವಾಸವಿರಬೇಕು.

"ಓನರ್ ಎಲ್ಲಪ್ಪಾ?"

"ಜಯನಗರದಲ್ಲಿ ಸಾರ್. ಫ್ಲ್ಯಾಟು. ಅವರ ತಾಯಿಗೆ ಇಲ್ಲಿ ಮೆಟ್ಟಿಲು ಹತ್ತೋಕೆ ಆಗಲ್ಲ."

ನಾವೂ ಜಯನಗರದಿಂದಲೇ ಹೋದವರು.

ಬೆಳಿಗ್ಗೆ ಕಡುಬು ಸಿಗುತ್ತಾ ಎಂದೆ. "ಅದು ಟ್ರೆಡಿಷನಲ್ ಪ್ಯಾಕೇಜು ಸಾರ್, ಎಕ್ಸ್‌ಟ್ರಾ" ಎಂದು ಬ್ರೆಡ್ಡು, ಜಾಮು ತಂದಿಟ್ಟ. ಹಂಡೆ ನೀರಿನ ಸ್ನಾನಕ್ಕೂ ಬೇರೆ ರೇಟು. ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ, ಅದಕ್ಕೆ ಮಾತ್ರ ಚಾರ್ಜ್ ಮಾಡಲಿಲ್ಲ. ಒಳ್ಳೆಯ ಹುಡುಗ.

ಜಗಲಿಯ ಹಲಸಿನ ಕಂಬ ಸವರುತ್ತಾ ನಿಂತಿದ್ದೆ. "ಇವು ಹೊರಗಿನಿಂದ ತಂದಿದ್ದು ಸಾರ್. ಹಳೇ ಮನೆ ಕೆಡವ್ತಾರಲ್ಲ, ಸಸ್ತಾ ಸಿಗುತ್ತೆ" ಎಂದ. ನನ್ನ ಕೈ ನಿಂತಿತು. ನಮ್ಮ ಚಿಕ್ಕಪ್ಪ ಅಜ್ಜನ ಮನೆ ಕೆಡವಿ ತಾರಸಿ ಹಾಕಿಸಿದಾಗ ಕಂಬಗಳನ್ನೆಲ್ಲ ಲಾರಿಗೆ ಹೇರಿ ಕಳಿಸಿದ್ದರು. ಆ ದುಡ್ಡಿಗೆ ಬಾತ್‌ರೂಮಿಗೆ ಗುಲಾಬಿ ಬಣ್ಣದ ಟೈಲ್ಸ್ ಬಂತು.

ಅಮ್ಮನಿಗೆ ಫೋಟೊ ಕಳಿಸಿದೆ. ತಕ್ಷಣ ಫೋನು ಬಂತು. "ನಮ್ಮದಲ್ಲ ಕಣೋ. ನಮ್ಮ ಕಂಬಕ್ಕೆ ಕರು ಕಟ್ಟಿ ಕಟ್ಟಿ ಹಗ್ಗದ ಗುರುತು ಬಿದ್ದಿತ್ತು."

ಸ್ಪೀಕರ್ ಆನ್ ಇತ್ತು. ಮ್ಯಾನೇಜರ್ ಪೆನ್ನು ತೆಗೆದ. "ಹಗ್ಗದ ಗುರುತಿರೋದು ಎಲ್ಲಿ ಸಿಗುತ್ತೆ ಸಾರ್? ಚಿಕ್ಕಪ್ಪನ ನಂಬರ್ ಹೇಳಿ."