ಹೋಮ್ಸ್‌ಬರ್ಗ್ ಜೈಲನ್ನು ಕೆಡವಬೇಡಿ

ಊರಿಂದ ಯಾರೇ ಬಂದರೂ ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಈಸ್ಟರ್ನ್ ಸ್ಟೇಟ್ ಜೈಲು ತೋರಿಸುವುದು ನಮ್ಮ ಮನೆಯ ರೂಢಿ. 1829ರಲ್ಲಿ ಶುರುವಾದ ಜೈಲು ಅದು, ಈಗ ಮ್ಯೂಸಿಯಂ. ಟಿಕೆಟ್ ತಗೊಂಡು ಒಳಗೆ ಹೋದರೆ ಕುಖ್ಯಾತ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಇದ್ದ ಕೋಣೆ ಸಿಗುತ್ತದೆ, ಎಲ್ಲರೂ ಫೋಟೊ ತೆಗೆದುಕೊಳ್ಳುತ್ತಾರೆ.

ಇದೇ ಊರಿನ ಈಶಾನ್ಯ ಭಾಗದಲ್ಲಿ, ಟೊರೆಸ್‌ಡೇಲ್ ಅವೆನ್ಯೂ ಪಕ್ಕ, ಇನ್ನೊಂದು ಹಳೇ ಜೈಲಿದೆ. ಹೋಮ್ಸ್‌ಬರ್ಗ್. 1896ರಲ್ಲಿ ಶುರುವಾಗಿ 1995ರಲ್ಲಿ ಮುಚ್ಚಿತು. ನಡುವೆ ಒಂದು ಗುಂಬ, ಅದರ ಸುತ್ತ ಗಾಲಿಯ ಅರಗಳ ಹಾಗೆ ಕೋಣೆಗಳ ಸಾಲು, ಹೊರಗೆ ಎತ್ತರದ ಕಲ್ಲಿನ ಗೋಡೆ. ಅಲ್ಲಿಗೆ ಯಾರೂ ನೆಂಟರನ್ನು ಕರೆದುಕೊಂಡು ಹೋಗುವುದಿಲ್ಲ.

ಇದು ಕೌಂಟಿ ಜೈಲು. ನಮ್ಮ ಜಿಲ್ಲಾ ಕಾರಾಗೃಹ ಅಂದುಕೊಳ್ಳಿ. ಶಿಕ್ಷೆ ಆದವರ ಜೊತೆಗೆ, ಜಾಮೀನಿಗೆ ದುಡ್ಡಿಲ್ಲದೆ ವಿಚಾರಣೆಗೆ ಕಾಯುತ್ತಾ ಕೂತವರೂ ಇಲ್ಲಿ ತುಂಬಾ ಜನ ಇದ್ದರು. ಹೆಚ್ಚಿನವರು ಕಪ್ಪು ಜನ. ಮುಂದಿನದೆಲ್ಲ ಅರ್ಥ ಆಗಬೇಕಾದರೆ ಈ ಒಂದು ವಿಷಯ ನೆನಪಿರಬೇಕು.

1951ರಿಂದ 1974ರವರೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮರೋಗ ವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಇಲ್ಲಿನ ಕೈದಿಗಳ ಮೇಲೆ ಪ್ರಯೋಗ ನಡೆಸಿದ. ಬೆನ್ನಿನ ಮೇಲೆ ಚೌಕ ಚೌಕವಾಗಿ ಗುರುತು ಹಾಕಿ, ಒಂದೊಂದು ಚೌಕಕ್ಕೆ ಒಂದೊಂದು ಔಷಧ ಹಚ್ಚಿ, ಮೇಲೆ ಟೇಪ್ ಅಂಟಿಸುತ್ತಿದ್ದರು. ಅಂಗಿ ಬಿಚ್ಚಿದರೆ ಚೌಕಾಬಾರದ ಮನೆ ಬರೆದ ಹಾಗೆ ಬೆನ್ನು. ಕೊಡುತ್ತಿದ್ದದ್ದು ಕೆಲವು ಡಾಲರ್. ಜೈಲಿನ ಬೇರೆ ಕೆಲಸಕ್ಕೆ ದಿನಕ್ಕೆ ಸಿಗುತ್ತಿದ್ದದ್ದು ಬರೀ ಸೆಂಟ್‌ಗಳ ಲೆಕ್ಕ. ಜಾಮೀನಿನ ದುಡ್ಡು ಹೊಂದಿಸಬೇಕಾದವನು ಬೇಡ ಅನ್ನುತ್ತಾನಾ? ಸಹಿ ಹಾಕಿದ್ದಾರೆ, ಒಪ್ಪಿಗೆ ಇತ್ತು ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಏನು ಹಚ್ಚುತ್ತಿದ್ದಾರೆ ಅಂತಲೇ ತುಂಬಾ ಜನಕ್ಕೆ ಗೊತ್ತಿರಲಿಲ್ಲ. ಡೌ ಅನ್ನುವ ರಾಸಾಯನಿಕ ಕಂಪನಿಗೋಸ್ಕರ 70 ಜನರ ಚರ್ಮಕ್ಕೆ ಡಯಾಕ್ಸಿನ್ ಹಚ್ಚಿದರು. ವಿಷ ಅದು. ಅವರಲ್ಲಿ 10 ಜನರಿಗೆ ಹಚ್ಚಿದ್ದು ಕಂಪನಿ ಹೇಳಿದ್ದಕ್ಕಿಂತ 468 ಪಟ್ಟು ಜಾಸ್ತಿ.

ಮೊದಲ ಸಲ ಜೈಲಿಗೆ ಬಂದಾಗ ತನಗೆ ಕಂಡದ್ದು ಎಕರೆಗಟ್ಟಲೆ ಚರ್ಮ, ಫಲವತ್ತಾದ ಹೊಲ ಕಂಡ ರೈತನ ಹಾಗಾಯಿತು ಅಂತ ಕ್ಲಿಗ್‌ಮನ್ 1966ರಲ್ಲಿ ಪತ್ರಿಕೆಯವರ ಹತ್ತಿರ ಹೇಳಿದ್ದ. ನಾನು ರೈತರ ಮನೆಯಲ್ಲಿ ಬೆಳೆದವಳು. ನಮ್ಮಪ್ಪ ಹೊಲಕ್ಕೆ ಕಾಲಿಡುವಾಗ ಚಪ್ಪಲಿ ಬದುವಿನಲ್ಲೇ ಬಿಡುತ್ತಿದ್ದರು. ಆ ಮಾತು ನನಗೆ ಇವತ್ತಿಗೂ ಅರಗಿಲ್ಲ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಪಿಯುಸಿಯಲ್ಲಿದ್ದಾಗ ಮೊಡವೆಗೆ ಅಂತ ನನಗೊಂದು ಕ್ರೀಮ್ ಬರೆದುಕೊಟ್ಟಿದ್ದರು. ಟ್ರೆಟಿನಾಯಿನ್. ಹೆಬ್ಬೆರಳಿನಷ್ಟು ಟ್ಯೂಬ್. "ರಾತ್ರಿ ಮಾತ್ರ ಹಚ್ಚಮ್ಮ, ಬಿಸಿಲಿಗೆ ಹೋಗಬೇಡ" ಅಂದಿದ್ದರು ಮೆಡಿಕಲ್ ಶಾಪಿನವರು. ನಾಲ್ಕೇ ದಿನಕ್ಕೆ ಮೂಗಿನ ಪಕ್ಕ ಸಿಪ್ಪೆ ಏಳತೊಡಗಿತು, ನೀರು ಹಾಕಿದರೂ ಉರಿ. ಅಮ್ಮ ಬೆಣ್ಣೆ ಸವರಿದಳು. ಆ ಔಷಧವನ್ನು ಮೊಡವೆಗೆ ತಂದವನು ಇದೇ ಕ್ಲಿಗ್‌ಮನ್. ಪರೀಕ್ಷೆಗೆ ಮೈ ಕೊಟ್ಟವರಲ್ಲಿ ಹೋಮ್ಸ್‌ಬರ್ಗ್‌ನ ಕೈದಿಗಳೂ ಇದ್ದರು. ನನಗೆ ಉರಿ ಆದಾಗ ನಿಲ್ಲಿಸಿದೆ, ಬೆಣ್ಣೆ ಹಚ್ಚಲು ಅಮ್ಮ ಇದ್ದಳು. ಅವರಿಗೆ ಯಾರಿದ್ದರು?

2000ದಲ್ಲಿ ಸುಮಾರು 300 ಜನ ಮಾಜಿ ಕೈದಿಗಳು ಕೋರ್ಟಿಗೆ ಹೋದರು. ಕೇಸು ಹಾಕುವ ಅವಧಿ ಮೀರಿದೆ ಅಂತ ಕೇಸು ಬಿದ್ದುಹೋಯಿತು. ವಿಶ್ವವಿದ್ಯಾಲಯ 2021ರಲ್ಲಿ ಕ್ಷಮೆ ಕೇಳಿತು, ನಗರಾಡಳಿತ 2022ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಜನ ತೀರಿಕೊಂಡಿದ್ದರು.

1973ರಲ್ಲಿ ಈ ಜೈಲಿನೊಳಗೇ ಕೊಲೆಯಾದ ಇಬ್ಬರು ಅಧಿಕಾರಿಗಳ ಹೆಸರನ್ನು ಹತ್ತಿರದ ಹೊಸ ಜೈಲಿಗೆ ಇಟ್ಟಿದ್ದಾರೆ: ಕರನ್-ಫ್ರಾಮ್‌ಹೋಲ್ಡ್. ಇಟ್ಟಿದ್ದು ಸರಿಯೇ. ಬೆನ್ನು ಕೊಟ್ಟವರ ಹೆಸರುಗಳೂ ಹೋಮ್ಸ್‌ಬರ್ಗ್ ಗೋಡೆಯ ಮೇಲೆ ಬರಬೇಕು. ಬದುಕಿರುವವರಿಗೆ ಪರಿಹಾರ, ಚಿಕಿತ್ಸೆ ಎರಡೂ ಸಿಗಬೇಕು. ಜಾಗಕ್ಕೆ ಬೆಲೆ ಬಂತು ಅಂತ ಒಂದು ದಿನ ಬುಲ್ಡೋಜರ್ ತರಬಾರದು. ಒಂದು ಸಾಲು ಕೋಣೆಯಾದರೂ ಉಳಿಸಿ, ಬಾಗಿಲು ತೆಗೆದು ಜನಕ್ಕೆ ತೋರಿಸಲಿ.

ಮುಂದಿನ ಬೇಸಿಗೆಗೆ ಅಕ್ಕ ಬರುತ್ತಾಳೆ. ಈ ಸಲ ಅವಳನ್ನು ಟೊರೆಸ್‌ಡೇಲ್ ಅವೆನ್ಯೂಗೂ ಕರೆದುಕೊಂಡು ಹೋಗುತ್ತೇನೆ. ಒಳಗೆ ಬಿಡುವುದಿಲ್ಲ. ಹೊರಗಿನ ಗೋಡೆಯನ್ನಾದರೂ ನೋಡಲಿ.