ಅನಿಮೆಯಲ್ಲಿ ಕಂಡ ಬೀದಿಗೆ ಹೋಗಿ ನಿಲ್ಲಬೇಕಾ?

ಪರ: ಖಂಡಿತ ಹೋಗಿ

ಟೋಕಿಯೊದ ಯೊತ್ಸುಯಾದಲ್ಲಿ ಸುಗಾ ದೇವಸ್ಥಾನದ ಹತ್ತಿರ ಒಂದು ಮೆಟ್ಟಿಲ ಸಾಲು ಇದೆ. ಕೆಂಪು ಕೈಕಂಬಿ, ಸುತ್ತ ಮನೆಗಳು, ಮೇಲೆ ಕರೆಂಟ್ ತಂತಿ. ಮಕೊತೊ ಶಿಂಕಾಯ್ ಅವರ 2016ರ ‘ಯುವರ್ ನೇಮ್’ ಅನಿಮೆ (ಜಪಾನಿನ ಅನಿಮೇಷನ್) ಚಿತ್ರದ ಕೊನೆಯಲ್ಲಿ ನಾಯಕ ಟಾಕಿ, ನಾಯಕಿ ಮಿತ್ಸುಹಾ ಎದುರಾಗುವುದು ಈ ಮೆಟ್ಟಿಲ ಮೇಲೆ. ಆ ಚಿತ್ರ ನೋಡದವರಿಗೆ ಅಲ್ಲಿ ನೋಡುವಂಥದ್ದು ಏನೂ ಇಲ್ಲ. ನೋಡಿದವರು ಲೋಕದ ಮೂಲೆಮೂಲೆಯಿಂದ ಬರುತ್ತಾರೆ.

ಇದನ್ನು ಬರೀ ಸೆಲ್ಫಿ ಹುಚ್ಚು ಅಂದುಬಿಡುವುದು ಸುಲಭ. ಆದರೆ ಹಿನ್ನೆಲೆ ಚಿತ್ರ ಬಿಡಿಸುವವರು ಬೀದಿ ಬೀದಿ ಅಲೆದು, ರಾಶಿ ಫೋಟೊ ತೆಗೆದುಕೊಂಡು ಬಂದು ಕೂರುತ್ತಾರೆ. ತಂಪು ಪಾನೀಯದ ಯಂತ್ರ, ರಸ್ತೆಯ ಬೋರ್ಡು, ಗೋಡೆಯ ಕಲೆ, ಯಾವುದನ್ನೂ ಬಿಡುವುದಿಲ್ಲ. ಅದೇ ಕೋನ ಹುಡುಕಿ ನಿಂತಾಗ ಅವರು ಯಾವ ಮರ ಸರಿಸಿದರು, ಯಾವ ಕಟ್ಟಡ ಅಳಿಸಿದರು, ಬೆಳಕನ್ನು ಎಲ್ಲಿಂದ ತಂದರು ಅಂತ ಗೊತ್ತಾಗುತ್ತದೆ. ಕಲೆಯನ್ನು ಇಷ್ಟು ಹತ್ತಿರದಿಂದ ಓದುವ ಬೇರೆ ದಾರಿ ನನಗೆ ಗೊತ್ತಿಲ್ಲ.

ಊರಿಗೆ ಏನು ಲಾಭ ಅಂತೀರಾ? ಇಬಾರಾಕಿ ಪ್ರಾಂತ್ಯದ ಓಅರಾಯಿ ನೋಡಿ. ಸಮುದ್ರ ದಡದ ಸಣ್ಣ ಊರು. 2011ರ ಮಾರ್ಚ್‌ನಲ್ಲಿ ಸುನಾಮಿ ಬಡಿಯಿತು. ಅದರ ಬೆನ್ನಿಗೇ ಫುಕುಶಿಮಾ ಅಣುಸ್ಥಾವರದ ದುರಂತ. ಓಅರಾಯಿಯ ಮೀನು ತಿನ್ನಲೂ ಜನ ಹೆದರಿದರು. 2012ರ ಅಕ್ಟೋಬರ್‌ನಲ್ಲಿ ‘ಗರ್ಲ್ಸ್ ಉಂಡ್ ಪಾಂಜರ್’ ಅನಿಮೆ ಶುರುವಾಯಿತು. ಶಾಲೆಯ ಹುಡುಗಿಯರು ಟ್ಯಾಂಕ್ ಓಡಿಸುವ ಕಥೆ (ಹೌದು, ಟ್ಯಾಂಕೇ). ಆ ಟ್ಯಾಂಕುಗಳು ಓಅರಾಯಿಯ ನಿಜವಾದ ಬೀದಿಗಳಲ್ಲೇ ನುಗ್ಗಾಡುತ್ತವೆ. ಒಂದು ಟ್ಯಾಂಕ್ ಅಲ್ಲಿನ ಹಳೇ ವಸತಿಗೃಹವೊಂದರ ಮುಂಭಾಗಕ್ಕೇ ನುಗ್ಗುತ್ತದೆ. ಆ ವಸತಿಗೃಹ ಈಗ ಅಭಿಮಾನಿಗಳಿಗೆ ಬಲು ಅಚ್ಚುಮೆಚ್ಚು. ಅಂಗಡಿಗಳವರು ಒಬ್ಬೊಬ್ಬ ಪಾತ್ರದ ಆಳೆತ್ತರದ ರಟ್ಟಿನ ಗೊಂಬೆಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡರು. ಅದನ್ನು ನೋಡಲು ಬಂದವರು ಒಳಗೂ ಬಂದರು, ಮಾತಾಡಿದರು, ಮೀನು ತಿಂದರು, ಮತ್ತೆ ಬಂದರು. ಕೆಲವರು ಅಲ್ಲೇ ಮನೆ ಮಾಡಿಕೊಂಡಿದ್ದೂ ಉಂಟು.

ಸೈತಾಮಾದ ವಾಶಿನೋಮಿಯಾ ದೇವಸ್ಥಾನದ್ದೂ ಇಂಥದೇ ಕಥೆ. 2007ರ ‘ಲಕ್ಕಿ ಸ್ಟಾರ್’ ಅನಿಮೆ ಬರುವ ಮುಂಚೆ ಹೊಸವರ್ಷಕ್ಕೆ ಅಲ್ಲಿ ಸುಮಾರು 90 ಸಾವಿರ ಜನ ಸೇರುತ್ತಿದ್ದರು. 2008ಕ್ಕೆ ಅದು 3 ಲಕ್ಷವಾಯಿತು. ಅಲ್ಲಿನ ವರ್ತಕರ ಸಂಘ ಬಂದವರನ್ನು ದೂರ ಇಡಲಿಲ್ಲ, ಅವರ ಜೊತೆ ಸೇರಿಕೊಂಡು ಕಾರ್ಯಕ್ರಮ ಮಾಡಿತು.

ವಿರೋಧ: ಆ ಬೀದಿಯಲ್ಲಿ ಯಾರೋ ಬದುಕುತ್ತಿದ್ದಾರೆ

ಓಅರಾಯಿಯ ಕಥೆ ಚೆನ್ನಾಗಿದೆ. ಆದರೆ ಅಲ್ಲಿ ಅಂಗಡಿಗಳಿವೆ, ಊರು ತಾನೇ ಕರೆಯಿತು. ಟೋಕಿಯೊ ಹತ್ತಿರದ ಕಾಮಾಕುರಾ ಊರಿನ ರೈಲ್ವೆ ಗೇಟಿಗೆ ಬನ್ನಿ.

ಎನೋಡೆನ್ ಅನ್ನುವ ಪುಟ್ಟ ರೈಲು ಮಾರ್ಗ, ಬರೀ 10 ಕಿಲೋಮೀಟರ್, ಒಂಟಿ ಹಳಿ. ಕಾಮಾಕುರಾ ಕೋಕೋ ಮಾಏ (‘ಕಾಮಾಕುರಾ ಪ್ರೌಢಶಾಲೆಯ ಮುಂದೆ’ ಅಂತ ಅರ್ಥ) ನಿಲ್ದಾಣದ ಪಕ್ಕದಲ್ಲಿ ಇಳಿಜಾರು ರಸ್ತೆಯೊಂದು ಹಳಿ ದಾಟುತ್ತದೆ. ಆಚೆ ಹೆದ್ದಾರಿ, ಅದರಾಚೆ ಸಮುದ್ರ. ‘ಸ್ಲ್ಯಾಮ್ ಡಂಕ್’ ಅನಿಮೆಯ ಶುರುವಿನ ಹಾಡಿನಲ್ಲಿ ಬಂದದ್ದು ಈ ಗೇಟು. 1993ರ ಆ ಕೆಲವೇ ಸೆಕೆಂಡುಗಳಿಗಾಗಿ ಇವತ್ತಿಗೂ ಜನ ಬರುತ್ತಾರೆ, ಅದರಲ್ಲೂ ತೈವಾನ್, ಕೊರಿಯಾ, ಚೀನಾದಿಂದ. 2022ರ ಕೊನೆಯಲ್ಲಿ ಅದರ ಹೊಸ ಸಿನಿಮಾ ಬಂದ ಮೇಲೆ ಗುಂಪು ಇನ್ನೂ ಜಾಸ್ತಿಯಾಯಿತು.

ಅಲ್ಲಿ ನಡೆಯುವುದೇನು? ರೈಲು ಬರುವ ಹೊತ್ತಿಗೆ ಜನ ನಡುರಸ್ತೆಗೆ ಇಳಿಯುತ್ತಾರೆ. ಕಾರುಗಳು ಹಾರ್ನ್ ಹೊಡೆಯುತ್ತವೆ. ಕಸ ಬೀಳುತ್ತದೆ, ಮನೆಗಳ ಜಾಗಕ್ಕೂ ಕಾಲಿಡುತ್ತಾರೆ. ನಗರಾಡಳಿತ ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಆ ಖರ್ಚು ಯಾರದ್ದು? ಫೋಟೊ ತೆಗೆದು ಹತ್ತು ನಿಮಿಷದಲ್ಲಿ ಹೊರಡುವವರು ಅಲ್ಲಿ ಕೊಳ್ಳುವುದು ಏನನ್ನು? ನಿಲ್ದಾಣದ ಹೆಸರಿನಲ್ಲಿರುವ ಪ್ರೌಢಶಾಲೆ ಸುಮ್ನೆ ಹೆಸರಿಗಲ್ಲ. ಅಲ್ಲಿನ ಮಕ್ಕಳಿಗೆ ಅದು ದಿನಾ ಹತ್ತಿ ಇಳಿಯುವ ನಿಲ್ದಾಣ.

ಇಡೀ ಮಾರ್ಗವೇ ಪ್ರವಾಸಿಗರಿಂದ ತುಂಬಿರುತ್ತದೆ. ಹತ್ತಿ ಇಳಿಯಲು ಹೊತ್ತು ಹಿಡಿದು ರೈಲು ತಡವಾಗುತ್ತಿದ್ದುದರಿಂದ, 2023ರ ಮಾರ್ಚ್‌ನಲ್ಲಿ 12 ನಿಮಿಷಕ್ಕೊಂದು ಬರುತ್ತಿದ್ದ ರೈಲನ್ನು 14 ನಿಮಿಷಕ್ಕೊಂದು ಮಾಡಿದರು. ಕಾಮಾಕುರಾ ನಿಲ್ದಾಣದಲ್ಲಂತೂ ದೊಡ್ಡ ರಜೆಯಲ್ಲಿ ಊರಿನವರಿಗೆ ಪ್ರಮಾಣಪತ್ರ ಕೊಟ್ಟು, ಸಾಲಿನಲ್ಲಿ ನಿಲ್ಲದೆ ಒಳಗೆ ಬಿಡುವ ಪ್ರಯೋಗವನ್ನೂ ಮಾಡಿದ್ದಾರೆ. ತನ್ನ ಊರಿನ ರೈಲು ಹತ್ತಲು ಚೀಟಿ ತೋರಿಸಬೇಕು! ಇದಕ್ಕೆಲ್ಲ ಅನಿಮೆಯೊಂದೇ ಕಾರಣವಲ್ಲ, ಒಪ್ಪೋಣ. ಕಾಮಾಕುರಾಕ್ಕೆ ದೊಡ್ಡ ಬುದ್ಧನನ್ನು ನೋಡಲೂ ಜನ ಬರುತ್ತಾರೆ. ಆದರೆ ಬುದ್ಧನ ಮುಂದೆ ಗುಂಪು ನಿಲ್ಲಲು ಅಂಗಳವಿದೆ, ಟಿಕೆಟ್ಟಿದೆ, ನೋಡಿಕೊಳ್ಳುವವರಿದ್ದಾರೆ. ಗೇಟಿನ ಹತ್ತಿರ ಇರುವುದು ರಸ್ತೆ ಮಾತ್ರ.

ಇನ್ನು ಕಲೆಯನ್ನು ಹತ್ತಿರದಿಂದ ಓದುವ ಮಾತು. ಕೆಲವರು ಹಾಗೆ ಓದುತ್ತಾರೆ, ನಿಜ. ಉಳಿದವರೆಲ್ಲ ರೈಲು ಬರುವ ಆ ಕ್ಷಣಕ್ಕೆ ಒಬ್ಬರನ್ನೊಬ್ಬರು ತಳ್ಳಿ ಒಂದೇ ಫೋಟೊ ತೆಗೆಯುತ್ತಾರೆ, ಅಲ್ವಾ?

ಹೋಗಲೇಬೇಕು ಅನ್ನುವವರು ರೈಲಿನಿಂದ ಇಳಿಯಬೇಡಿ. ಮಾರ್ಗದ ಇನ್ನೊಂದು ತುದಿಯಾದ ಫುಜಿಸಾವಾ ಕಡೆಯಿಂದ ಬಂದರೆ ಕೊಶಿಗೊಎ ನಿಲ್ದಾಣ ದಾಟಿದ ಮೇಲೆ ಹಳಿ ಸಮುದ್ರದ ಪಕ್ಕಕ್ಕೇ ಬರುತ್ತದೆ. ಬಲಗಡೆ ಕಿಟಕಿಯ ಸೀಟು ಹಿಡಿದರೆ ಸಾಕು.